ಬ್ರಿಸ್ಟಲ್ ಬಸ್ಸಿನಿಂದ ಗ್ರನ್ವಿಕ್ ಗೇಟಿನವರೆಗೆ

ಯುಗಾದಿಯೋ ದೀಪಾವಳಿಯೋ, ನಮ್ಮವರು ನಾಲ್ಕು ಜನ ಸೇರಿದರೆ ಊಟ ಮುಗಿಯುವ ಹೊತ್ತಿಗೆ ಮಾತು ಆಫೀಸಿನ ಕಡೆ ತಿರುಗುತ್ತದೆ. ಒಬ್ಬರು ಕೆಲಸ ಕಲಿಸಿದ ಹುಡುಗನೇ ಈಗ ಅವರ ಮ್ಯಾನೇಜರು. ಇನ್ನೊಬ್ಬರ ಹೆಸರನ್ನು ಟೀಮಿನವರು ಬೇಕಂತಲೇ ತಿರುಚಿ ಕರೆದು ನಗುತ್ತಾರೆ. ಕೇರ್ ಹೋಮಿನಲ್ಲಿ ದುಡಿಯುವವರಿಗೆ ಯಾವಾಗ ನೋಡಿದರೂ ರಾತ್ರಿ ಪಾಳಿಯೇ. ಕೊನೆಗೆ ಹಿರಿಯರೊಬ್ಬರು, "ಇಲ್ಲೆಲ್ಲಾ ಕಾನೂನು ಸ್ಟ್ರಿಕ್ಟು ಬಿಡಿ, ಹಂಗೆಲ್ಲಾ ಮಾಡಕ್ಕಾಗಲ್ಲ" ಅಂತ ಮಾತು ಮುಗಿಸುತ್ತಾರೆ.

ಕಾನೂನು ಇರುವುದು ನಿಜ. ಆದರೆ ಬ್ರಿಟನ್ನಿನಲ್ಲಿ ಅದು ತಾನಾಗಿ ಬಂದದ್ದಲ್ಲ, ಬಂದು ಬಹಳ ಕಾಲವೂ ಆಗಿಲ್ಲ. ಯಾರು ಬೀದಿಗೆ ಇಳಿದದ್ದರಿಂದ ಬಂತು, ಎಲ್ಲಿ ಅರ್ಧಕ್ಕೆ ನಿಂತಿದೆ ಅನ್ನುವುದನ್ನು ನಮ್ಮ ಓದುಗರ ಮುಂದೆ ಇಡಬೇಕೆಂದು ಈ ಬರಹ. ಮಾಲೀಕ ಏನು ಮಾಡಿದ ಅನ್ನುವುದನ್ನು ಎಲ್ಲರೂ ಹೇಳುತ್ತಾರೆ. ನಾನು ಇಲ್ಲಿ ಹೆಚ್ಚಾಗಿ ನೋಡಲು ಹೊರಟಿರುವುದು ಜೊತೆಗೆ ಕೆಲಸ ಮಾಡುತ್ತಿದ್ದವರು ಎಲ್ಲಿ ನಿಂತರು ಅನ್ನುವುದನ್ನು.

1963ರ ಬ್ರಿಸ್ಟಲ್‌ನಿಂದ ಶುರು ಮಾಡೋಣ. ಊರಿನಲ್ಲಿ ಆಗ ವೆಸ್ಟ್ ಇಂಡೀಸ್ ಮೂಲದವರು ಸುಮಾರು 3,000 ಮಂದಿ ಇದ್ದರು. ಬಸ್ಸುಗಳನ್ನು ನಡೆಸುತ್ತಿದ್ದ ಬ್ರಿಸ್ಟಲ್ ಆಮ್ನಿಬಸ್ ಕಂಪನಿಗೆ ಜನ ಸಾಲುತ್ತಿರಲಿಲ್ಲ. ಆದರೂ ಕಪ್ಪು ಜನರನ್ನಾಗಲಿ ಏಷ್ಯಾದವರನ್ನಾಗಲಿ ಚಾಲಕ, ನಿರ್ವಾಹಕರ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ವರ್ಕ್‌ಶಾಪಿನಲ್ಲಿ, ಕ್ಯಾಂಟೀನಿನಲ್ಲಿ ಕಡಿಮೆ ಸಂಬಳಕ್ಕೆ ದುಡಿಯಬಹುದಿತ್ತು. ಟಿಕೆಟ್ ಕೊಳ್ಳಲಿಕ್ಕೂ ಅಡ್ಡಿಯಿಲ್ಲ. ಟಿಕೆಟ್ ಕೊಡುವ ಕೆಲಸ ಮಾತ್ರ ಬೇಡ!

ಪಾಲ್ ಸ್ಟೀಫನ್ಸನ್ ಎಂಬ ಯುವಕ ಇದನ್ನು ಬಯಲಿಗೆ ತರಲು ಒಂದು ಉಪಾಯ ಮಾಡಿದ. ಗೈ ಬೇಲಿ ಎಂಬ ಹುಡುಗನಿಗೆ ಸಂದರ್ಶನ ಗೊತ್ತು ಮಾಡಿಸಿದ. ಹುಡುಗನಿಗೆ ಬೇಕಾದ ಅರ್ಹತೆಗಳೆಲ್ಲ ಇದ್ದವು. ಆತ ವೆಸ್ಟ್ ಇಂಡೀಸಿನವನು ಎಂದು ಹೇಳಿದ ಕೂಡಲೇ ಸಂದರ್ಶನ ರದ್ದಾಯಿತು. ರಾಯ್ ಹ್ಯಾಕೆಟ್, ಓವನ್ ಹೆನ್ರಿ ಮೊದಲಾದವರು ಕಟ್ಟಿದ್ದ ಸಂಘ ಏಪ್ರಿಲ್ ಕೊನೆಯಲ್ಲಿ ಬಸ್ ಬಹಿಷ್ಕಾರಕ್ಕೆ ಕರೆ ಕೊಟ್ಟಿತು. ಅಮೆರಿಕದ ಮಾಂಟ್ಗೊಮರಿಯಲ್ಲಿ 1955ರಲ್ಲಿ ನಡೆದ ಬಹಿಷ್ಕಾರ ಅವರ ಕಣ್ಣ ಮುಂದಿತ್ತು.

ಕಂಪನಿಯ ಜನರಲ್ ಮ್ಯಾನೇಜರು ಇದನ್ನು ಅಲ್ಲಗಳೆಯಲಿಲ್ಲ, ಬಣ್ಣ ನೋಡಿ ಕೆಲಸ ಕೊಡುವುದನ್ನು ಸಮರ್ಥಿಸಿಕೊಂಡರು. ಅವರು ಹೆದರಬೇಕಾದ ಕಾನೂನೇ ಆಗ ಇರಲಿಲ್ಲ. ಇದಕ್ಕಿಂತ ಮನಸ್ಸಿಗೆ ನಾಟುವ ಸಂಗತಿ ಇನ್ನೊಂದಿದೆ. 1955ರಲ್ಲೇ ಅಲ್ಲಿನ ಟ್ರಾನ್ಸ್‌ಪೋರ್ಟ್ ಅಂಡ್ ಜನರಲ್ ವರ್ಕರ್ಸ್ ಯೂನಿಯನ್ನಿನ ಬಸ್ ವಿಭಾಗ, ಬಣ್ಣದವರನ್ನು ಬಸ್ಸಿನ ಸಿಬ್ಬಂದಿಯಾಗಿ ಸೇರಿಸಕೂಡದು ಎಂದು ನಿರ್ಣಯ ಮಾಡಿತ್ತು. ಮೂಲ ಸಂಬಳ ಕಡಿಮೆ, ಓವರ್‌ಟೈಮ್ ಇದ್ದರೇ ಮನೆ ನಡೆಯುವುದು. ಹೊಸಬರು ಬಂದರೆ ಓವರ್‌ಟೈಮ್ ಹೋಗುತ್ತದೆ ಎಂಬ ಭಯ ಅದರ ಹಿಂದಿತ್ತು. ಭಯ ಸುಳ್ಳಲ್ಲ. ಆದರೆ ಕಡಿಮೆ ಸಂಬಳಕ್ಕಾಗಿ ಕಂಪನಿಯ ಮೇಲೆ ತೋರಿಸಬೇಕಿದ್ದ ಸಿಟ್ಟನ್ನು ಕೆಲಸ ಕೇಳಿ ಬಂದವನ ಮೇಲೆ ತೋರಿಸಿದರು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಹಾಗೆ.

ವಿಶ್ವವಿದ್ಯಾಲಯದ ಹುಡುಗರು ಮೆರವಣಿಗೆ ಮಾಡಿದರು. ಸಂಸದ ಟೋನಿ ಬೆನ್ ಬೆಂಬಲಕ್ಕೆ ಬಂದರು. ಹಿಂದಿನ ಕ್ರಿಕೆಟ್ ತಾರೆ, ಆಗ ಟ್ರಿನಿಡಾಡಿನ ಹೈಕಮಿಷನರ್ ಆಗಿದ್ದ ಲಿಯರಿ ಕಾನ್ಸ್ಟಂಟೈನ್ ಕೂಡ ದನಿ ಎತ್ತಿದರು. ನಾಲ್ಕು ತಿಂಗಳ ನಂತರ, ಆಗಸ್ಟ್ 27ರಂದು, 500 ಬಸ್ ಕೆಲಸಗಾರರ ಸಭೆ ವರ್ಣನಿಷೇಧ ಕೈಬಿಡಲು ಒಪ್ಪಿತು. ಮರುದಿನ ಕಂಪನಿ ಅದನ್ನು ಪ್ರಕಟಿಸಿತು. ಅದೇ ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಪ್ರಸಿದ್ಧ ಕನಸಿನ ಭಾಷಣ ಮಾಡಿದ್ದು. ಸೆಪ್ಟೆಂಬರ್ 17ಕ್ಕೆ ಬ್ರಿಸ್ಟಲ್ ಬಸ್ಸಿನ ಮೊದಲ ಬಿಳಿಯನಲ್ಲದ ನಿರ್ವಾಹಕ ಕೆಲಸಕ್ಕೆ ಸೇರಿದ. ಜಮೈಕಾದವನಲ್ಲ, ನಮ್ಮ ಕಡೆಯವನು: ರಘುಬೀರ್ ಸಿಂಗ್ ಎಂಬ ಸಿಖ್. ಹೋರಾಡಿದವರು ಒಬ್ಬರು, ಬಾಗಿಲು ತೆರೆದಾಗ ಮೊದಲು ಒಳಗೆ ಹೋದವರು ಇನ್ನೊಬ್ಬರು. ಇವತ್ತು ಈ ದೇಶದಲ್ಲಿ ದುಡಿಯುವ ಭಾರತೀಯರಿಗೆ ಈ ಸಾಲದ ಲೆಕ್ಕ ಗೊತ್ತಿರಬೇಕು ಅಂತ ನನ್ನ ಭಾವನೆ. ಆ ಹಳೆಯ ಯೂನಿಯನ್ನಿನ ವಾರಸುದಾರ ಸಂಘಟನೆ 'ಯುನೈಟ್' 50 ವರ್ಷಗಳ ನಂತರ, 2013ರಲ್ಲಿ ಕ್ಷಮೆ ಕೇಳಿತು.

ಕಾನೂನು ತಕ್ಷಣ ಬರಲಿಲ್ಲ. 1965ರ ಮೊದಲ ರೇಸ್ ರಿಲೇಷನ್ಸ್ ಕಾಯ್ದೆ ಹೋಟೆಲು, ಪಬ್ಬುಗಳಂಥ ಸಾರ್ವಜನಿಕ ಜಾಗಗಳಿಗಷ್ಟೇ ಅನ್ವಯಿಸುತ್ತಿತ್ತು. ಕೆಲಸ, ಮನೆ ಬಾಡಿಗೆ ಎರಡನ್ನೂ ಬಿಟ್ಟಿದ್ದರು. ಅಂದರೆ ಪಬ್ಬಿನಲ್ಲಿ ಕೂತು ಬಿಯರ್ ಕೇಳುವ ಹಕ್ಕು ಬಂತು, ಆ ಪಬ್ಬಿನಲ್ಲೇ ಕೆಲಸ ಕೇಳುವ ಹಕ್ಕು ಬರಲಿಲ್ಲ. 1968ರಲ್ಲಿ ಎರಡೂ ಸೇರಿದವು, ಆದರೆ ನೊಂದವರು ತಾವೇ ಕೋರ್ಟಿಗೆ ಹೋಗುವಂತಿರಲಿಲ್ಲ. ಒಂದು ಮಂಡಳಿಗೆ ಅರ್ಜಿ ಹಾಕಿ ಕಾಯಬೇಕಿತ್ತು. ನೇರವಾಗಿ ಟ್ರಿಬ್ಯೂನಲ್‌ಗೆ ಹೋಗುವ ದಾರಿ ತೆರೆದದ್ದು 1976ರ ಕಾಯ್ದೆಯಲ್ಲಿ. 'ಪರೋಕ್ಷ ತಾರತಮ್ಯ' ಅನ್ನುವ ಕಲ್ಪನೆ ಜನಾಂಗದ ವಿಷಯಕ್ಕೆ ಬಂದದ್ದೂ ಆಗಲೇ. ನಿಯಮ ಎಲ್ಲರಿಗೂ ಒಂದೇ ಇರುತ್ತದೆ, ಆದರೆ ಅದರ ಪೆಟ್ಟು ಒಂದು ಗುಂಪಿಗೇ ಬೀಳುತ್ತದೆ, ಆ ನಿಯಮಕ್ಕೆ ತಕ್ಕ ಕಾರಣವೂ ಇರುವುದಿಲ್ಲ. ಅದು ಪರೋಕ್ಷ ತಾರತಮ್ಯ.

ಈ ನಡುವೆ ನಮ್ಮ ಜನರ ಸಂಖ್ಯೆ ಬೆಳೆದಿತ್ತು. 1972ರಲ್ಲಿ ಇದಿ ಅಮೀನ್ ಉಗಾಂಡಾದಿಂದ ಏಷ್ಯಾದವರನ್ನು ಹೊರಗೆ ಹಾಕಿದಾಗ ಸಾವಿರಾರು ಕುಟುಂಬಗಳು ಇಲ್ಲಿಗೆ ಬಂದವು. ಲೆಸ್ಟರ್ ನಗರಸಭೆ ಉಗಾಂಡಾದ ಪತ್ರಿಕೆಯಲ್ಲೇ 'ನಮ್ಮ ಊರಿಗೆ ಬರಬೇಡಿ' ಎಂಬ ಅರ್ಥದ ಜಾಹೀರಾತು ಹಾಕಿತ್ತು. ಜನ ಬಂದರು. ಅಲ್ಲಿ ಅಂಗಡಿ ಇಟ್ಟಿದ್ದವರು, ಗುಮಾಸ್ತರಾಗಿದ್ದವರು ಇಲ್ಲಿ ಕಾರ್ಖಾನೆಯ ಸಾಲಿನಲ್ಲಿ ನಿಂತರು.

ಅದೇ ಊರಿನ ಇಂಪೀರಿಯಲ್ ಟೈಪ್‌ರೈಟರ್ಸ್ ಕಾರ್ಖಾನೆಯಲ್ಲಿ 1974ರ ಮೇ 1ರಂದು 39 ಏಷ್ಯನ್ ಕೆಲಸಗಾರರು ಹೊರನಡೆದರು. ಬೋನಸ್ಸಿಗೆ 168 ಮಾಡಿದರೆ ಸಾಕಿತ್ತು, ಇವರಿಂದ 200 ಮಾಡಿಸುತ್ತಿದ್ದರು ಅನ್ನುವುದು ಗೊತ್ತಾಗಿತ್ತು. ಮುಷ್ಕರ ನೂರಾರು ಜನಕ್ಕೆ ಹಬ್ಬಿತು. ಇಲ್ಲೂ ಯೂನಿಯನ್ನಿನ ಸ್ಥಳೀಯ ನಾಯಕತ್ವ ಇವರ ಪರ ನಿಲ್ಲಲಿಲ್ಲ, ನಮ್ಮ ಪದ್ಧತಿ ಕಲಿಯದೆ ಮುಷ್ಕರಕ್ಕೆ ಇಳಿದಿದ್ದಾರೆ ಎಂದು ದೂರಿತು. ಅವರ ಚಂದಾ ಹಣ ಮಾತ್ರ ಪ್ರತಿ ವಾರ ಸರಿಯಾಗಿ ಕತ್ತರಿಸಿಕೊಳ್ಳುತ್ತಿತ್ತು. ಮೂರು ತಿಂಗಳು ನಡೆದ ಮುಷ್ಕರ ಮುಗಿಯಿತು, ಮರುವರ್ಷ ಕಾರ್ಖಾನೆಯೇ ಮುಚ್ಚಿತು.

ಇನ್ನು ಗ್ರನ್ವಿಕ್. ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು.

ಲಂಡನ್ನಿನ ವಾಯವ್ಯಕ್ಕೆ ವಿಲ್ಸ್‌ಡನ್, ಡಾಲಿಸ್ ಹಿಲ್ ಕಡೆ ಗ್ರನ್ವಿಕ್ ಎಂಬ ಫಿಲ್ಮ್ ತೊಳೆಯುವ ಲ್ಯಾಬ್ ಇತ್ತು. ನಮ್ಮ ವಯಸ್ಸಿನವರಿಗೆ ನೆನಪಿರುತ್ತದೆ, ಕ್ಯಾಮೆರಾದ ರೀಲು ಮುಗಿದರೆ ಸ್ಟುಡಿಯೋಗೆ ಕೊಟ್ಟು ಕಾಯಬೇಕಿತ್ತು. ಇಲ್ಲಿ ಜನ ರೀಲನ್ನು ಲಕೋಟೆಯಲ್ಲಿ ಹಾಕಿ ಅಂಚೆಗೆ ಹಾಕುತ್ತಿದ್ದರು, ಫೋಟೋಗಳು ಅಂಚೆಯಲ್ಲೇ ಮನೆಗೆ ಬರುತ್ತಿದ್ದವು. ಆ ಲಕೋಟೆಗಳನ್ನು ವಿಂಗಡಿಸುವ ವಿಭಾಗದಲ್ಲಿ ಇದ್ದವರು ಹೆಚ್ಚಾಗಿ ಪೂರ್ವ ಆಫ್ರಿಕಾದಿಂದ ಬಂದ ಗುಜರಾತಿ ಹೆಣ್ಣುಮಕ್ಕಳು. ವಾರದ ಸಂಬಳ ಸುಮಾರು 28 ಪೌಂಡು. ಲಂಡನ್ನಿನಲ್ಲಿ ಮೈಬಗ್ಗಿಸಿ ದುಡಿಯುವ ಹೆಂಗಸರ ಸರಾಸರಿ ಆಗ 44 ಪೌಂಡು. ಓವರ್‌ಟೈಮ್ ಕಡ್ಡಾಯ, ಅದೂ ಮೊದಲೇ ಹೇಳುವುದಿಲ್ಲ. ಮಗುವನ್ನು ಶಾಲೆಯಿಂದ ಕರೆತರಬೇಕು ಅಂದರೂ ಬಿಡುವುದಿಲ್ಲ. ಶೌಚಕ್ಕೆ ಹೋಗಲು ಕೈಯೆತ್ತಿ ಗಂಡಸು ಮ್ಯಾನೇಜರನ ಅನುಮತಿ ಕೇಳಬೇಕು. ಸೀರೆ ಉಟ್ಟ, ಮಕ್ಕಳೊಂದಿಗರಾದ ಹೆಂಗಸರು ಎಲ್ಲರೆದುರು ಅದನ್ನು ಕೇಳುವುದು ಅಂದರೆ ಏನು ಅಂತ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. ಕೆಲವರು ಕೇಳದೆಯೇ ದಿನ ದೂಡುತ್ತಿದ್ದರು.

1976ರ ಆಗಸ್ಟ್ 20, ಶುಕ್ರವಾರ. ಆ ವರ್ಷ ಇಂಗ್ಲೆಂಡಿನಲ್ಲಿ ಮರೆಯಲಾಗದ ಸೆಕೆ. ದೇವ್‌ಶಿ ಭುಡಿಯಾ ಎಂಬ ಹುಡುಗನನ್ನು ನಿಧಾನ ಕೆಲಸ ಮಾಡಿದನೆಂದು ತೆಗೆದು ಹಾಕಿದರು. ಅವನ ಜೊತೆ ಮೂವರು ಹೊರಬಂದರು. ಅದೇ ಸಂಜೆ ಮನೆಗೆ ಹೊರಡಲು ಕೋಟು ಹಾಕಿಕೊಂಡ ಜಯಾಬೆನ್ ದೇಸಾಯಿಯನ್ನು ತಡೆದು ಗದರಿದರು. 1933ರಲ್ಲಿ ಗುಜರಾತಿನ ಧರ್ಮಜ್‌ನಲ್ಲಿ ಹುಟ್ಟಿ, ಮದುವೆಯಾಗಿ ತಾಂಗನಿಕಾಗೆ ಹೋಗಿ, ಅಲ್ಲಿಂದ ಇಲ್ಲಿಗೆ ಬಂದವರು. ಐದಡಿಯೂ ಇಲ್ಲದ ಆಳು. ಆಕೆ ಮ್ಯಾನೇಜರನಿಗೆ ಹೇಳಿದ್ದರ ಸಾರಾಂಶ ಇಷ್ಟು: ನೀನು ನಡೆಸುತ್ತಿರುವುದು ಕಾರ್ಖಾನೆಯಲ್ಲ, ಮೃಗಾಲಯ, ಮೃಗಾಲಯದಲ್ಲಿ ನಿನ್ನ ಬೆರಳಿಗೆ ಕುಣಿಯುವ ಕೋತಿಗಳೂ ಇರುತ್ತವೆ, ತಲೆ ಕಚ್ಚಿ ಕೀಳುವ ಸಿಂಹಗಳೂ ಇರುತ್ತವೆ, ನಾವು ಸಿಂಹಗಳು. ಮಗ ಸುನಿಲನೂ ಅಲ್ಲೇ ಕೆಲಸ ಮಾಡುತ್ತಿದ್ದ, ತಾಯಿಯ ಜೊತೆ ಹೊರಗೆ ಬಂದ.

ಅವರಲ್ಲಿ ಯಾರಿಗೂ ಯೂನಿಯನ್ ಇರಲಿಲ್ಲ. ವಿಚಾರಿಸಿ, ಅಪೆಕ್ಸ್ ಎಂಬ ಗುಮಾಸ್ತರ ಯೂನಿಯನ್ ಸೇರಿದರು. ಹೊರಬಂದ 137 ಮಂದಿಯನ್ನು ಕಂಪನಿ ವಜಾ ಮಾಡಿತು. ಕೇಳಿದ್ದು ಎರಡೇ: ಕೆಲಸಕ್ಕೆ ವಾಪಸು ತೆಗೆದುಕೊಳ್ಳಿ, ನಮ್ಮ ಯೂನಿಯನ್ನನ್ನು ಮಾನ್ಯ ಮಾಡಿ.

ಮಾಲೀಕ ಜಾರ್ಜ್ ವಾರ್ಡ್ ಇಂಗ್ಲೆಂಡಿನಲ್ಲಿ ಹುಟ್ಟಿದ ಬಿಳಿಯ ಸಾಹುಕಾರ ಅಂದುಕೊಳ್ಳಬೇಡಿ. ಆತ ಹುಟ್ಟಿದ್ದು ದೆಹಲಿಯಲ್ಲಿ, ಆಂಗ್ಲೋ ಇಂಡಿಯನ್. ನಮ್ಮದೇ ನೆಲದಿಂದ ಬಂದವನಿಗೆ ನಮ್ಮ ಹೆಣ್ಣುಮಕ್ಕಳ ಸಂಕಟ ಅರ್ಥವಾಗಬೇಕಿತ್ತು ಅನ್ನುವುದು ನಾವು ಮಾಡಿಕೊಳ್ಳುವ ಊಹೆ ಅಷ್ಟೆ. ಬೇರೆ ಕಡೆ ಕೆಲಸ ಸಿಗದವರು ಯಾರು ಅನ್ನುವುದೂ ಆತನಿಗೆ ಚೆನ್ನಾಗಿ ಅರ್ಥವಾಗಿತ್ತು.

ಈ ಸಲ ಜೊತೆಯವರು ಬಂದರು. ಕ್ರಿಕಲ್‌ವುಡ್ ಅಂಚೆ ನೌಕರರು ಗ್ರನ್ವಿಕ್ ಚೀಲಗಳನ್ನು ಮುಟ್ಟಲಿಲ್ಲ. ಅಂಚೆಯ ಮೇಲೇ ನಿಂತ ವ್ಯಾಪಾರಕ್ಕೆ ಅದಕ್ಕಿಂತ ದೊಡ್ಡ ಪೆಟ್ಟಿಲ್ಲ. 1977ರ ಜೂನ್‌ನಲ್ಲಿ ಗೇಟಿನ ಮುಂದೆ ಸಾವಿರಾರು ಜನ ನೆರೆದರು. ಯಾರ್ಕ್‌ಷೈರಿನ ಗಣಿ ಕಾರ್ಮಿಕರು ಬಸ್ಸು ಮಾಡಿಕೊಂಡು ಬಂದರು. ಜುಲೈ 11ರಂದು ಸುಮಾರು 20,000 ಮಂದಿ. ಹೋರಾಟ ಮುಗಿಯುವ ಹೊತ್ತಿಗೆ ಬಂಧನಗಳು 500 ದಾಟಿದ್ದವು. ಹದಿನಾಲ್ಕು ವರ್ಷದ ಹಿಂದೆ ಬ್ರಿಸ್ಟಲ್‌ನಲ್ಲಿ, ಮೂರು ವರ್ಷದ ಹಿಂದೆ ಲೆಸ್ಟರ್‌ನಲ್ಲಿ ಬೆನ್ನು ತಿರುಗಿಸಿದ್ದ ಚಳವಳಿಯೇ ಇಲ್ಲಿ ಸೀರೆ ಉಟ್ಟ ಹೆಂಗಸರ ಹಿಂದೆ ನಿಂತದ್ದನ್ನು ನೋಡಿದರೆ ಈಗಲೂ ಮೈ ಜುಂ ಅನ್ನುತ್ತದೆ.

ಆದರೆ ಗೆಲ್ಲಲಿಲ್ಲ. ಸರ್ಕಾರ ನೇಮಿಸಿದ ಸ್ಕಾರ್ಮನ್ ಸಮಿತಿ ಆಗಸ್ಟ್ 1977ರಲ್ಲಿ, ಇವರನ್ನು ವಾಪಸು ತೆಗೆದುಕೊಳ್ಳಿ, ಯೂನಿಯನ್ನನ್ನು ಮಾನ್ಯ ಮಾಡಿ ಎಂದು ಶಿಫಾರಸು ಮಾಡಿತು. ವಾರ್ಡ್ ಒಪ್ಪಲಿಲ್ಲ. ಒಪ್ಪಿಸುವ ಅಧಿಕಾರ ಸಮಿತಿಗೆ ಇರಲಿಲ್ಲ. ಎಕಾಸ್ ಸಂಸ್ಥೆ ಕೂಡ ಯೂನಿಯನ್ ಪರ ವರದಿ ಕೊಟ್ಟಿತ್ತು. ಆದರೆ ಒಳಗೆ ಕೆಲಸ ಮಾಡುತ್ತಿದ್ದವರ ಹೆಸರು ವಿಳಾಸಗಳನ್ನು ಕಂಪನಿ ಕೊಡದೆ ಹೋದದ್ದರಿಂದ ಅವರ ಅಭಿಪ್ರಾಯ ಕೇಳಲು ಆಗಿರಲಿಲ್ಲ. ಎಲ್ಲರನ್ನೂ ಕೇಳಿಲ್ಲವಾದ್ದರಿಂದ ವರದಿ ಅಸಿಂಧು ಎಂದು ಹೌಸ್ ಆಫ್ ಲಾರ್ಡ್ಸ್ ಡಿಸೆಂಬರಿನಲ್ಲಿ ತೀರ್ಪು ಕೊಟ್ಟಿತು. ಪಟ್ಟಿ ಮುಚ್ಚಿಟ್ಟವನಿಗೇ ಅದರ ಲಾಭ! ಅಷ್ಟು ಹೊತ್ತಿಗೆ ದೊಡ್ಡ ಯೂನಿಯನ್ ನಾಯಕರೂ ಹಿಂದೆ ಸರಿದಿದ್ದರು. ನವೆಂಬರಿನ ಚಳಿಯಲ್ಲಿ ಜಯಾಬೆನ್ ಮತ್ತು ಮೂವರು ಟ್ರೇಡ್ ಯೂನಿಯನ್ ಕಾಂಗ್ರೆಸ್ಸಿನ ಕಚೇರಿ ಬಾಗಿಲಲ್ಲೇ ಉಪವಾಸ ಕೂತರು. ಅದಕ್ಕಾಗಿ ಅವರದೇ ಯೂನಿಯನ್ ಅವರನ್ನು ಅಮಾನತು ಮಾಡಿತು. ನಾಯಕರ ಬೆಂಬಲ ಮೊಣಕೈಗೆ ಹಚ್ಚಿದ ಜೇನಿನ ಹಾಗೆ, ಕಾಣುತ್ತದೆ, ವಾಸನೆ ಬರುತ್ತದೆ, ನಾಲಿಗೆಗೆ ಸಿಗುವುದಿಲ್ಲ ಎಂಬ ಅರ್ಥದ ಮಾತನ್ನು ಆಕೆ ಹೇಳಿದ್ದಾರೆ. ನಾವು ಕನ್ನಡದಲ್ಲಿ ಮೂಗಿಗೆ ತುಪ್ಪ ಸವರಿದರು ಅನ್ನುತ್ತೇವಲ್ಲ, ಅದೇ. 1978ರ ಜುಲೈ 14ಕ್ಕೆ ಮುಷ್ಕರ ಮುಗಿಯಿತು. ಒಬ್ಬರಿಗೂ ಕೆಲಸ ವಾಪಸು ಸಿಗಲಿಲ್ಲ. ಜಯಾಬೆನ್ 2010ರ ಡಿಸೆಂಬರಿನಲ್ಲಿ ತೀರಿಕೊಂಡರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. 1976ರ ರೇಸ್ ರಿಲೇಷನ್ಸ್ ಕಾಯ್ದೆ ಅದೇ ನವೆಂಬರಿನಲ್ಲಿ ಬಂತಲ್ಲ, ಇವರ ನೆರವಿಗೆ ಬರುತ್ತಿರಲಿಲ್ಲವೇ? ಕಷ್ಟ. ತಾರತಮ್ಯ ಅಂದರೆ ಇನ್ನೊಬ್ಬರಿಗಿಂತ ಕೀಳಾಗಿ ನಡೆಸಿಕೊಳ್ಳುವುದು ಎಂದು ಆಗಿನ ಕಾನೂನಿನ ಲೆಕ್ಕ. ವಿಭಾಗದಲ್ಲಿ ಬಹುಪಾಲು ಎಲ್ಲರೂ ಏಷ್ಯಾದ ಹೆಂಗಸರೇ ಆಗಿದ್ದಾಗ ಯಾರ ಜೊತೆ ಹೋಲಿಸುವುದು? ಎಲ್ಲರನ್ನೂ ಒಂದೇ ಸಮನಾಗಿ ಅವಮಾನಿಸಿದರೆ ಅದು ಸಮಾನತೆ ಆಗಿಬಿಡುತ್ತದೆಯೇ? 'ಕಿರುಕುಳ' ಅನ್ನುವ ಪದ ಆ ಕಾಯ್ದೆಯಲ್ಲಿ ಇರಲೇ ಇಲ್ಲ.

ಆ ಗಂಟು ಸಡಿಲವಾಗಲು ಇನ್ನೊಂದು ದೂರು ಬೇಕಾಯಿತು. ಗ್ಲಾಸ್ಗೋದ ಶಾಲೆಯೊಂದರ ಪ್ರಯೋಗಾಲಯದಲ್ಲಿ ಸಹಾಯಕಿಯಾಗಿದ್ದ ಮಹಿಳೆಯನ್ನು ಓಡಿಸಬೇಕೆಂದು ಇಬ್ಬರು ಗಂಡಸು ಸಹೋದ್ಯೋಗಿಗಳು ಮೈ ಉಜ್ಜಿಕೊಂಡು ಹೋಗುವುದು, ಅಸಹ್ಯ ಮಾತಾಡುವುದು ಮಾಡುತ್ತಿದ್ದರು. ಟ್ರಿಬ್ಯೂನಲ್ ಏನು ಹೇಳಿತು ಗೊತ್ತೇ? ಅವರಿಗೆ ಆಗದ ಗಂಡಸಿದ್ದರೂ ಅಷ್ಟೇ ಕೆಟ್ಟದಾಗಿ ನಡೆದುಕೊಳ್ಳುತ್ತಿದ್ದರು, ಹಾಗಾಗಿ ಇದು ಲಿಂಗ ತಾರತಮ್ಯವಲ್ಲ! 1986ರಲ್ಲಿ ಸ್ಕಾಟ್ಲೆಂಡಿನ ಉನ್ನತ ನ್ಯಾಯಾಲಯ ಈ ವಾದವನ್ನು ತಳ್ಳಿಹಾಕಿತು. ಗಂಡಸಿನ ಮೇಲೆ ಬಳಸಲಾಗದ ಆಯುಧವನ್ನು ಆಕೆ ಹೆಣ್ಣೆಂಬ ಕಾರಣಕ್ಕೆ ಬಳಸಿದ್ದಾರೆ, ಅಷ್ಟು ಸಾಕು ಎಂದಿತು. ಕಿರುಕುಳಕ್ಕೆ ಕಾಯ್ದೆಯಲ್ಲೇ ಪ್ರತ್ಯೇಕ ಜಾಗ ಸಿಕ್ಕಿದ್ದು ಇನ್ನೂ ತಡವಾಗಿ: ಜನಾಂಗದ ವಿಷಯದಲ್ಲಿ 2003, ಲಿಂಗದ ವಿಷಯದಲ್ಲಿ 2005.

ಈಗಿರುವ 2010ರ ಈಕ್ವಾಲಿಟಿ ಕಾಯ್ದೆ ಇವನ್ನೆಲ್ಲ ಒಟ್ಟುಗೂಡಿಸಿತು. ಒಬ್ಬರ ಬಣ್ಣ, ದೇಶ, ಲಿಂಗ, ಧರ್ಮ, ವಯಸ್ಸು, ಅಂಗವಿಕಲತೆ ಇಂಥವಕ್ಕೆ ಸಂಬಂಧಿಸಿದ ಬೇಡದ ನಡವಳಿಕೆ ಅವರ ಘನತೆಗೆ ಧಕ್ಕೆ ತಂದರೆ, ಅಥವಾ ಕೆಲಸದ ವಾತಾವರಣವನ್ನು ಬೆದರಿಕೆಯದು, ಅವಮಾನದ್ದು ಮಾಡಿದರೆ ಅದು ಕಿರುಕುಳ. ಉದ್ದೇಶ ಇರಲೇಬೇಕೆಂದಿಲ್ಲ, ಪರಿಣಾಮವೂ ಸಾಕು. ಆದರೆ ಹಾಗನ್ನಿಸುವುದು ಸಮಂಜಸವೇ ಎಂದು ಟ್ರಿಬ್ಯೂನಲ್ ನೋಡುತ್ತದೆ. "ತಮಾಷೆಗೆ ಅಂದದ್ದು" ಅನ್ನುವ ಸಬೂಬು ಒಂದೇ ಈಗ ಸಾಲದು. ಹೋಲಿಕೆಗೆ ಇನ್ನೊಬ್ಬರನ್ನು ತೋರಿಸುವ ಗೋಜೂ ಇಲ್ಲ.

ನಾವು ಯಾವಾಗಲೂ ನೊಂದವರ ಕಡೆಯೇ ಇರುತ್ತೇವೆ ಅಂದುಕೊಳ್ಳುವ ಹಾಗಿಲ್ಲ. ಮಿಲ್ಟನ್ ಕೀನ್ಸ್‌ನಲ್ಲಿ ಭಾರತೀಯ ಕುಟುಂಬವೊಂದು ಬಿಹಾರದ ಆದಿವಾಸಿ ಮಹಿಳೆಯೊಬ್ಬರನ್ನು ಮನೆಗೆಲಸಕ್ಕೆ ಕರೆತಂದಿತ್ತು. ನಾಲ್ಕೂವರೆ ವರ್ಷ, ವಾರದ ಏಳೂ ದಿನ, ದಿನಕ್ಕೆ 18 ಗಂಟೆ. ಮಲಗಲು ನೆಲದ ಮೇಲೆ ಒಂದು ಹಾಸಿಗೆ. ಲೆಕ್ಕ ಹಾಕಿದರೆ ಗಂಟೆಗೆ 11 ಪೆನ್ಸ್ ಕೂಲಿ. 2015ರಲ್ಲಿ ಟ್ರಿಬ್ಯೂನಲ್ ಆಕೆಗೆ ಬರಬೇಕಾದ ಸಂಬಳದ ಬಾಕಿಯೇ 1,83,000 ಪೌಂಡಿಗೂ ಹೆಚ್ಚು ಎಂದು ತೀರ್ಮಾನಿಸಿತು. ಇದೇ ಪ್ರಕರಣದಲ್ಲಿ ಮೇಲ್ಮನವಿ ಟ್ರಿಬ್ಯೂನಲ್ 2014ರ ಕೊನೆಯಲ್ಲಿ, ಜಾತಿ ಕೂಡ ಅನೇಕ ಸಂದರ್ಭಗಳಲ್ಲಿ 'ಜನಾಂಗೀಯ ಮೂಲ' ಅನ್ನುವುದರೊಳಗೆ ಬರಬಹುದು ಎಂದಿತು. ಜಾತಿಯನ್ನು ಹೆಸರಿಟ್ಟು ಕಾಯ್ದೆಗೆ ಸೇರಿಸುವ ಪ್ರಸ್ತಾಪವನ್ನು ಸರ್ಕಾರ 2018ರಲ್ಲಿ ಕೈಬಿಟ್ಟು, ಈ ತೀರ್ಪೇ ಸಾಕು ಎಂದಿತು. ಸಾಕೋ ಇಲ್ಲವೋ ಅದು ಬೇರೆ ಚರ್ಚೆ. ಥೇಮ್ಸ್ ದಂಡೆಯ ಬಸವಣ್ಣನ ಪುತ್ಥಳಿಯ ಮುಂದೆ ಫೋಟೋ ತೆಗೆಸಿಕೊಳ್ಳುವ ನಮ್ಮವರಲ್ಲೇ, ಟೀಮಿಗೆ ಹೊಸದಾಗಿ ಬಂದ ಕನ್ನಡಿಗನನ್ನು "ನೀವು ಯಾವ ಪೈಕಿ?" ಅಂತ ಕೇಳುವವರಿದ್ದಾರೆ. ಅದೂ ಆಫೀಸಿನ ಕಾಫಿ ಮಷೀನಿನ ಹತ್ತಿರ.

ಇವತ್ತಿನ ನಮ್ಮ ದೊಡ್ಡ ಭಯ ವೀಸಾದ್ದು. ಜಯಾಬೆನ್‌ಗೆ ಕೆಲಸ ಹೋಯಿತು, ದೇಶ ಬಿಡಬೇಕಾಗಿ ಬರಲಿಲ್ಲ. ಸ್ಕಿಲ್ಡ್ ವರ್ಕರ್ ವೀಸಾದವರಿಗೆ ಕೆಲಸ ಹೋದರೆ ಹೊಸ ಸ್ಪಾನ್ಸರ್ ಹುಡುಕಲು ಸಾಮಾನ್ಯವಾಗಿ ಸಿಗುವುದು 60 ದಿನ. ಮಕ್ಕಳ ಶಾಲೆ, ಮನೆ ಬಾಡಿಗೆ, ಊರಿನ ಸಾಲ ಎಲ್ಲ ಆ 60 ದಿನದಲ್ಲಿ ಕಣ್ಣ ಮುಂದೆ ಬರುತ್ತವೆ. ಕೆಟ್ಟ ಮ್ಯಾನೇಜರಿಗೆ ಇದು ಗೊತ್ತಿರುತ್ತದೆ. ಹಾಗಂತ ವೀಸಾದವರಿಗೆ ಕಾನೂನು ಇಲ್ಲ ಅಂತಲ್ಲ. ಕೆಲಸ ಮಾಡುವ ಹಕ್ಕೇ ಇಲ್ಲದ ನೈಜೀರಿಯಾದ ಹುಡುಗಿಯೊಬ್ಬಳ ತಾರತಮ್ಯದ ದೂರನ್ನು ಸುಪ್ರೀಂ ಕೋರ್ಟು 2014ರಲ್ಲಿ ಎತ್ತಿಹಿಡಿದಿದೆ. ಆದರೆ ಅದೇ ಕೋರ್ಟು 2016ರಲ್ಲಿ ಇನ್ನಿಬ್ಬರು ನೈಜೀರಿಯಾದ ಮನೆಗೆಲಸದವರ ವಿಷಯದಲ್ಲಿ ಒಂದು ಗೆರೆ ಎಳೆಯಿತು. ವೀಸಾದ ಅಸಹಾಯಕತೆಯನ್ನು ಬಳಸಿಕೊಂಡು ಪೀಡಿಸಿದರೆ ಅದು ಜನಾಂಗೀಯ ತಾರತಮ್ಯ ಆಗುವುದಿಲ್ಲ, ಏಕೆಂದರೆ ವೀಸಾದ ಸ್ಥಿತಿ ಬೇರೆ, ರಾಷ್ಟ್ರೀಯತೆ ಬೇರೆ ಎಂದಿತು. ಅಂದರೆ "ಇಂಡಿಯನ್ ಅಂತ" ಹೀಗೆ ಮಾಡಿದರು ಅನ್ನುವುದು ಈ ಕಾಯ್ದೆಯೊಳಗೆ ಬರುತ್ತದೆ, "ವೀಸಾದವನು, ಬಿಟ್ಟು ಹೋಗಲಾರ ಅಂತ" ಮಾಡಿದರು ಅನ್ನುವುದು ಬರುವುದಿಲ್ಲ. ಹಳೆಯ ಗ್ರನ್ವಿಕ್ ಸಮಸ್ಯೆ ಹೊಸ ವೇಷದಲ್ಲಿ ನಿಂತಿದೆ.

ಬೆಂಗಳೂರಿನ ಕಂಪನಿಗಳಿಂದ ಬಂದವರಿಗೆ ಇನ್ನೊಂದು ವ್ಯತ್ಯಾಸ ಗೊತ್ತಿರಲಿ. ರಾಜಸ್ಥಾನದ ಭಂವರಿ ದೇವಿಯ ಮೇಲಿನ ಅತ್ಯಾಚಾರದ ನಂತರ ಬಂದ 1997ರ ವಿಶಾಖಾ ತೀರ್ಪು, ಆಮೇಲೆ 2013ರ ಕಾಯ್ದೆಯ ಪ್ರಕಾರ, ಭಾರತದಲ್ಲಿ 10 ಮತ್ತು ಹೆಚ್ಚು ಜನರಿರುವ ಕಚೇರಿಯಲ್ಲಿ ಹೆಂಗಸರ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು, ಹೊರಗಿನವರೊಬ್ಬರು ಅದರಲ್ಲಿರಬೇಕು. ಬ್ರಿಟನ್ನಿನಲ್ಲಿ ಅಂಥ ಕಡ್ಡಾಯ ಸಮಿತಿ ಇಲ್ಲ. ಗ್ರೀವೆನ್ಸ್ ಹಾಕಬೇಕು, ಎಕಾಸ್ ಮೂಲಕ ರಾಜಿಗೆ ಪ್ರಯತ್ನಿಸಬೇಕು, ಆಮೇಲೆ ಟ್ರಿಬ್ಯೂನಲ್. ಬಹುಕಾಲದಿಂದ ಇರುವ ಗಡುವು ಮೂರು ತಿಂಗಳಿಗೆ ಒಂದು ದಿನ ಕಮ್ಮಿ. ಹೆಚ್‌ಆರ್ ಉತ್ತರಕ್ಕೆ ಕಾಯುತ್ತಾ ಕೂತವರ ಗಡುವು ಮುಗಿದೇ ಹೋಗಬಹುದು. 2024ರ ಅಕ್ಟೋಬರ್ 26ರಿಂದ ಲೈಂಗಿಕ ಕಿರುಕುಳವನ್ನು ಮೊದಲೇ ತಡೆಯಲು ಸೂಕ್ತ ಕ್ರಮ ಕೈಗೊಳ್ಳುವುದು ಮಾಲೀಕರ ಕರ್ತವ್ಯವಾಗಿದೆ. ತಪ್ಪಿದರೆ ಟ್ರಿಬ್ಯೂನಲ್ ಪರಿಹಾರವನ್ನು ಶೇ. 25ರವರೆಗೆ ಹೆಚ್ಚಿಸಬಹುದು.

ಇಂಥದ್ದು ನಡೆದಾಗ ತಾರೀಕು, ಸಮಯ, ಆಡಿದ ಮಾತು, ಹತ್ತಿರ ಇದ್ದವರ ಹೆಸರು ಎಲ್ಲವನ್ನೂ ಅವತ್ತೇ ಮನೆಯ ಪುಸ್ತಕದಲ್ಲಿ ಬರೆದಿಡಿ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಬೇಡ, ಕೆಲಸ ಹೋದ ದಿನ ಅದೂ ಹೋಗುತ್ತದೆ. ವಿಚಾರಣೆಯಲ್ಲಿ ಬಹಳ ಸಲ ಎಲ್ಲ ಬಂದು ನಿಲ್ಲುವುದು, ಪಕ್ಕದ ಮೇಜಿನವರು ಕಂಡದ್ದನ್ನು ಹೇಳುತ್ತಾರೋ ಇಲ್ಲವೋ ಅನ್ನುವುದರ ಮೇಲೆ. "ನಮಗ್ಯಾಕೆ, ನಮ್ಮ ವೀಸಾ ರಿನ್ಯೂವಲ್ ಇದೆ" ಎಂದು ಅವರು ಹಿಂಜರಿಯುವುದು ಸಹಜ. ಆದರೆ 2010ರ ಕಾಯ್ದೆಯ 27ನೇ ಸೆಕ್ಷನ್ ದೂರು ಕೊಟ್ಟವರಿಗೆ ಮಾತ್ರ ಇರುವುದಲ್ಲ. ಇನ್ನೊಬ್ಬರ ದೂರಿನಲ್ಲಿ ಪ್ರಾಮಾಣಿಕವಾಗಿ ಸಾಕ್ಷಿ ಹೇಳಿದವರನ್ನು ಅದೇ ಕಾರಣಕ್ಕೆ ಪೀಡಿಸಿದರೆ, ಕೆಲಸದಿಂದ ತೆಗೆದರೆ, ಅವರೂ ಟ್ರಿಬ್ಯೂನಲ್‌ಗೆ ಹೋಗಬಹುದು.